ಮೂರು ತಿಂಗಳ ಶಾಲೆ: ವೆಲ್ಷ್ ನುಡಿ ಉಳಿದ ಬಗೆಗೊಂದು ಮೀಮಾಂಸೆ

ಮೊದಲು ವಿಷಯ. 1714ರಿಂದ 1830ರವರೆಗೆ ಬ್ರಿಟನ್ನಿನ ಗದ್ದುಗೆಯ ಮೇಲೆ ನಾಲ್ವರು ಜಾರ್ಜ್‌ಗಳು ಒಬ್ಬರಾದ ಮೇಲೊಬ್ಬರು ಕೂತರು. ಆ ಕಾಲದ ವೇಲ್ಸ್‌ನಲ್ಲಿ ಬಹುಪಾಲು ಜನರಿಗೆ ಬರುತ್ತಿದ್ದುದು ವೆಲ್ಷ್ ಒಂದೇ. ಆದರೆ 1536ರ ಕಾಯಿದೆಯಿಂದಾಗಿ ಕೋರ್ಟು ಕಚೇರಿಗಳ ಭಾಷೆ ಇಂಗ್ಲಿಷ್. ದೊಡ್ಡ ಜಮೀನುದಾರರು ಇಂಗ್ಲಿಷಿನ ಕಡೆ ಹೊರಳಿಯಾಗಿತ್ತು. ನಾಡಿಗೆ ತನ್ನದೆಂಬ ವಿಶ್ವವಿದ್ಯಾಲಯವಿರಲಿಲ್ಲ, ರಾಜಧಾನಿಯೂ ಇರಲಿಲ್ಲ. ಹೀಗೆ ಎಲ್ಲ ಆಸರೆಯೂ ತಪ್ಪಿದ ನುಡಿ ಉಳಿದದ್ದು ಯಾರಿಂದ?

ವಾಡಿಕೆಯ ಉತ್ತರ ಲಂಡನ್ನಿನ ವೆಲ್ಷ್ ವಿದ್ವಾಂಸರತ್ತ ಬೆರಳು ತೋರಿಸುತ್ತದೆ. ನನ್ನ ಸಿದ್ಧಾಂತ ಬೇರೆ. ಚಳಿಗಾಲದಲ್ಲಿ ಚರ್ಚಿನ ಮೂಲೆಯಲ್ಲೋ ಕಣಜದ ಕೊಟ್ಟಿಗೆಯಲ್ಲೋ ಮೂರು ತಿಂಗಳು ನಡೆದು, ಆಮೇಲೆ ಪಕ್ಕದ ಊರಿಗೆ ಹೊರಟುಹೋಗುತ್ತಿದ್ದ ಬಡ ಶಾಲೆಗಳೇ ಆ ನುಡಿಯನ್ನು ಉಳಿಸಿದವು.

ಇವುಗಳನ್ನು ಕಟ್ಟಿದವನು ಗ್ರಿಫಿತ್ ಜೋನ್ಸ್, ಕಾರ್ಮಾರ್ಥನ್‌ಶೈರಿನ ಲ್ಯಾಂಡೌರರ್ ಎಂಬ ಹಳ್ಳಿಯ ಪಾದ್ರಿ. 1684ರಲ್ಲಿ ಹುಟ್ಟಿ 1761ರಲ್ಲಿ ತೀರಿಕೊಂಡವನು. 1731ರ ಸುಮಾರಿಗೆ ಶುರುವಾದ ಅವನ ಏರ್ಪಾಡು ತೀರ ಸರಳ. ಹೊಲದ ಕೆಲಸ ಕಡಿಮೆಯಾದಾಗ ಮೇಷ್ಟರು ಊರಿಗೆ ಬರುತ್ತಾರೆ. ಹಗಲು ಮಕ್ಕಳಿಗೆ ಪಾಠ, ರಾತ್ರಿ ದುಡಿದು ಬಂದ ದೊಡ್ಡವರಿಗೆ. ಬರೆಯುವುದನ್ನು ಕಲಿಸುವುದಿಲ್ಲ, ಲೆಕ್ಕವೂ ಇಲ್ಲ. ವೆಲ್ಷ್ ಬೈಬಲನ್ನೂ ಧರ್ಮಬೋಧೆಯ ಪ್ರಶ್ನೋತ್ತರವನ್ನೂ ಓದಲು ಬಂದರೆ ಅಲ್ಲಿಗೆ ಪಾಠ ಮುಗಿಯಿತು. ಮೇಷ್ಟರ ಸಂಬಳ ವರ್ಷಕ್ಕೆ ಮೂರು ನಾಲ್ಕು ಪೌಂಡು. ಅವರಿಗೆ ತರಬೇತಿ ಲ್ಯಾಂಡೌರರಿನಲ್ಲೇ. ಆರು ವರ್ಷದ ಮಕ್ಕಳಿಂದ ಎಪ್ಪತ್ತು ದಾಟಿದ ಮುದುಕರವರೆಗೆ ಕಲಿಯಲು ಬಂದರೆಂದು ಜೋನ್ಸ್ ತನ್ನ ವಾರ್ಷಿಕ ವರದಿಗಳಲ್ಲಿ ಬರೆದಿದ್ದಾನೆ. ಅವನು ಸಾಯುವ ಹೊತ್ತಿಗೆ ಮೂರು ಸಾವಿರಕ್ಕೂ ಹೆಚ್ಚು ಶಾಲೆಗಳು ನಡೆದಿದ್ದವು. ಪಟ್ಟಿಗೆ ಸೇರಿದ ವಿದ್ಯಾರ್ಥಿಗಳೇ ಒಂದೂವರೆ ಲಕ್ಷ ದಾಟಿದ್ದರು. 1801ರ ಮೊದಲ ಜನಗಣತಿಯಲ್ಲಿ ಇಡೀ ವೇಲ್ಸ್‌ನ ಜನಸಂಖ್ಯೆ ಸುಮಾರು ಆರು ಲಕ್ಷವಷ್ಟೇ ಎಂಬುದನ್ನು ನೆನೆದರೆ ಈ ಸಂಖ್ಯೆಯ ತೂಕ ಗೊತ್ತಾಗುತ್ತದೆ.

ಮೂರು ತಿಂಗಳಲ್ಲಿ ಓದು ಬರುವುದುಂಟೇ ಎಂಬ ಶಂಕೆ ಇಲ್ಲಿಯೇ ಏಳುತ್ತದೆ. ಇಂಗ್ಲಿಷಿನಲ್ಲಾದರೆ ಬರದು. ವೆಲ್ಷ್ ಬರಹದಲ್ಲಿ ಅಕ್ಷರಕ್ಕೂ ಉಚ್ಚಾರಕ್ಕೂ ಹೆಚ್ಚುಕಡಿಮೆ ತಾಳೆಯಿದೆ. ಅಕ್ಷರದ ಬೆಲೆ ಗೊತ್ತಾದವನು ಪದವನ್ನು ಓದಿಬಿಡುತ್ತಾನೆ, ಓದಿದ್ದು ಮನೆಮಾತಾದ್ದರಿಂದ ಅರ್ಥವೂ ಜೊತೆಗೇ ಆಗುತ್ತದೆ. ಕನ್ನಡದ ಕಾಗುಣಿತ ಕಲಿತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದುಡ್ಡು ಕೊಡುವ ಇಂಗ್ಲಿಷ್ ದೊಡ್ಡಮನುಷ್ಯರು ಇಂಗ್ಲಿಷಿನಲ್ಲೇ ಯಾಕೆ ಕಲಿಸಬಾರದೆಂದಾಗ ಜೋನ್ಸ್ ಕೊಟ್ಟ ಉತ್ತರದ ತಿರುಳೂ ಇದೇ: ಅದಕ್ಕೆ ವರ್ಷಗಟ್ಟಲೆ ಬೇಕು, ಅಷ್ಟರಲ್ಲಿ ಎಷ್ಟೋ ಜನ ಸತ್ತೇ ಹೋಗಿರುತ್ತಾರೆ.

ಈಗ ಆಕ್ಷೇಪಗಳು. ಜನರಿಗೆ ಬೇರೆ ಭಾಷೆಯೇ ಬರುತ್ತಿರಲಿಲ್ಲವಲ್ಲ, ಶಾಲೆ ಇಲ್ಲದಿದ್ದರೂ ವೆಲ್ಷ್ ಉಳಿಯುತ್ತಿತ್ತು ಎನ್ನುತ್ತಾನೆ ಪೂರ್ವಪಕ್ಷಿ. ಇದಕ್ಕೆ ವ್ಯತಿರೇಕದಿಂದ ಉತ್ತರ ಹೇಳಬೇಕು. ಐರ್ಲೆಂಡಿನಲ್ಲಿ ಐರಿಷ್ ಆಡುವವರು 1800ರಲ್ಲಿ ವೆಲ್ಷರಿಗಿಂತ ಹಲವು ಪಟ್ಟು ಹೆಚ್ಚಿದ್ದರು. ಆದರೂ ನೂರು ವರ್ಷದಲ್ಲಿ ಆ ನುಡಿ ಪಶ್ಚಿಮದ ಅಂಚಿಗೆ ಸರಿಯಿತು. ಸ್ಕಾಟ್ಲೆಂಡಿನ ಬೆಟ್ಟನಾಡಿನಲ್ಲಿ 1709ರಲ್ಲಿ ಸನ್ನದು ಪಡೆದ ಧರ್ಮಪ್ರಚಾರ ಸಂಘವೂ ಶಾಲೆ ತೆರೆಯಿತು. ಆದರೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅಲ್ಲಿ ಓದಿಸಿದ್ದು ಇಂಗ್ಲಿಷನ್ನು. ಸ್ಕಾಟಿಷ್ ಗೇಲಿಕ್ ನುಡಿಯ ಹೊಸ ಒಡಂಬಡಿಕೆ ಅಚ್ಚಾದದ್ದೇ 1767ರಲ್ಲಿ. ಐರ್ಲೆಂಡಿನ ವಿಷಯದಲ್ಲಿ ಮತಭೇದವೂ 1840ರ ದಶಕದ ಬರಗಾಲವೂ ಸೇರಿಕೊಂಡಿವೆ, ಹಾಗಾಗಿ ಅದು ಕಲಬೆರಕೆಯಿಲ್ಲದ ದೃಷ್ಟಾಂತವಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಆಡುವವರ ಸಂಖ್ಯೆಯೇ ನುಡಿಗೆ ಕಾವಲಲ್ಲ ಎಂಬಷ್ಟನ್ನು ಸಾಧಿಸಲು ಅದು ಸಾಕು.

ಹಾಗಾದರೆ ಕೀರ್ತಿ ಬೈಬಲಿಗೆ ಸಲ್ಲಬೇಕು, 1588ರಲ್ಲೇ ವಿಲಿಯಂ ಮಾರ್ಗನ್ ಅದನ್ನು ವೆಲ್ಷಿಗೆ ತಂದಿದ್ದನಲ್ಲ ಎಂದು ಇನ್ನೊಬ್ಬ. ಮಾರ್ಗನ್ ಇಲ್ಲದಿದ್ದರೆ ಜೋನ್ಸ್‌ನ ಮೇಷ್ಟರಿಗೆ ಓದಿಸಲು ಏನೂ ಇರುತ್ತಿರಲಿಲ್ಲ, ನಿಜ. ಆದರೆ ಐರಿಷ್ ಬೈಬಲೂ 1685ರ ಹೊತ್ತಿಗೆ ಅಚ್ಚಾಗಿತ್ತು. ಪುಸ್ತಕ ಇದ್ದೂ ಓದುವವರಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಅದೇ ಸಾಕ್ಷಿ. ವೇಲ್ಸ್‌ನಲ್ಲಿ ಶಾಲೆ ಓದುಗರನ್ನು ಹುಟ್ಟಿಸಿತು, ಓದುಗರು ಪುಸ್ತಕ ಕೇಳಿದರು. 1740ರ ದಶಕದಲ್ಲಿ ಆಂಗಲ್‌ಸಿ ದ್ವೀಪದ ರಿಚರ್ಡ್ ಮಾರಿಸ್ ಅಚ್ಚಿನ ಮೇಲ್ವಿಚಾರಣೆ ಮಾಡಿದ ಹೊಸ ಬೈಬಲಿನ ಹದಿನೈದು ಸಾವಿರ ಪ್ರತಿಗಳು ಹೊರಬಂದದ್ದು ಈ ಬೇಡಿಕೆಯಿಂದಲೇ.

ಚರ್ಚೇ ಆ ನುಡಿಯನ್ನು ಕಾಪಾಡಿತು ಎನ್ನುವವರಿಗೆ ಆಂಗಲ್‌ಸಿಯ ಟ್ರೆವ್‌ಡ್ರೈತ್ ಊರಿನ ಮೊಕದ್ದಮೆಯನ್ನು ತೋರಿಸಬೇಕು. 1766ರಲ್ಲಿ ಅಲ್ಲಿಗೆ ಪಾದ್ರಿಯಾಗಿ ನೇಮಕವಾದ ಥಾಮಸ್ ಬೌಲ್ಸ್‌ಗೆ ಎಪ್ಪತ್ತರ ಪ್ರಾಯ, ಒಂದಕ್ಷರ ವೆಲ್ಷ್ ಬಾರದು. ಸುಮಾರು ಐನೂರು ಭಕ್ತರಲ್ಲಿ ಇಂಗ್ಲಿಷ್ ತಿಳಿಯುತ್ತಿದ್ದವರು ಐವರು. ಊರವರು ಚರ್ಚಿನ ಮೇಲಿನ ಕೋರ್ಟಿಗೆ ಹೋದರು. ವೇಲ್ಸ್ ಗೆದ್ದುಕೊಂಡ ನಾಡು, ಅಲ್ಲಿ ಇಂಗ್ಲಿಷ್ ಹರಡುವುದೇ ಬಿಷಪ್ಪರ ಕರ್ತವ್ಯ ಎಂದು ಬೌಲ್ಸ್ ಪರ ವಕೀಲರು ನಾಚಿಕೆಯಿಲ್ಲದೆ ವಾದಿಸಿದರು. 1773ರಲ್ಲಿ ತೀರ್ಪು ಬಂತು: ಪಾದ್ರಿಗೆ ಜನರ ನುಡಿ ಗೊತ್ತಿರಬೇಕು ಎಂಬ ತತ್ವವೇನೋ ಸರಿ, ಆದರೆ ಬೌಲ್ಸ್ ಆಗಲೇ ಹುದ್ದೆಯಲ್ಲಿ ಕೂತಾಗಿದೆ, ತೆಗೆಯಲಾಗದು. ತತ್ವ ಭಕ್ತರಿಗೆ, ಹುದ್ದೆ ಬೌಲ್ಸ್‌ಗೆ! ಜೋನ್ಸ್ ಚರ್ಚಿನವನೇ ಹೌದು. ಆದರೆ ಅವನ ಶಾಲೆಗಳನ್ನು ಹಳಿದು 1752ರಲ್ಲಿ ಕಿರುಹೊತ್ತಗೆ ಬರೆದವನೂ ನೆರೆಯ ಚರ್ಚಿನ ಪಾದ್ರಿಯೇ.

ಜೋನ್ಸ್‌ಗೆ ಬೇಕಿದ್ದುದು ಆತ್ಮೋದ್ಧಾರ, ಭಾಷೋದ್ಧಾರ ಅಲ್ಲವಲ್ಲ ಎಂಬುದು ಮುಂದಿನ ಆಕ್ಷೇಪ. ಹೌದು. ಆದರೆ ಫಲವನ್ನು ಎಣಿಸುವಾಗ ಉದ್ದೇಶ ಕೇಳುವುದು ಅಪ್ರಸ್ತುತ. ಭಾಷಾಭಿಮಾನದ ಶಾಲೆಯಾಗಿದ್ದರೆ ಬಡ ಒಕ್ಕಲಿಗ ಚಳಿಯ ರಾತ್ರಿಯಲ್ಲಿ ಬಂದು ಕೂರುತ್ತಿದ್ದನೇ ಎಂಬ ಅನುಮಾನ ನನಗಿದೆ. ನರಕದ ಭಯ ಅವನನ್ನು ಕರೆತಂದಿತು.

ಎಲ್ಲಕ್ಕಿಂತ ಗಟ್ಟಿಯಾದದ್ದು ಈ ಆಕ್ಷೇಪ: ಓದು ಕೊಟ್ಟು ಬರಹ ಕೊಡದ ಶಾಲೆ ಬಡವನನ್ನು ಬಡವನಾಗಿಯೇ ಇಟ್ಟಿತು. ಇದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಬಡವರಿಗೆ ವಿಧೇಯತೆ ಕಲಿಸುವುದು ಆ ಪಾಠದ ಭಾಗವೇ ಆಗಿತ್ತು. ಆದರೆ ಓದು ಬಂದ ಮೇಲೆ ಏನು ಓದಬೇಕೆಂಬುದನ್ನು ಮೇಷ್ಟರು ಕೊನೆತನಕ ನಿಯಂತ್ರಿಸಲಾರರು. 1793ರಲ್ಲಿ ಮಾರ್ಗನ್ ಜಾನ್ ರೀಸ್ ವೆಲ್ಷ್‌ನಲ್ಲಿ ರಾಜಕೀಯ ಪತ್ರಿಕೆ ತಂದ. 1814ರಲ್ಲಿ ಸ್ವಾನ್‌ಸಿಯಿಂದ ಮೊದಲ ವೆಲ್ಷ್ ವಾರಪತ್ರಿಕೆ ‘ಸೆರೆನ್ ಗೋಮರ್’ ಹೊರಟಿತು. ಓದುಗರ ಪಡೆ ಸಿದ್ಧವಿಲ್ಲದ ಕಡೆ ಯಾರೂ ಪತ್ರಿಕೆ ಹಾಕುವುದಿಲ್ಲ.

ಕಡೆಯದಾಗಿ, ಮೊದಲು ಹೇಳಿದ ಲಂಡನ್ನಿನ ವಿದ್ವಾಂಸರ ಮಾತು. ಯೋಲೊ ಮೊರ್ಗಾನುಗ್ ಎಂಬ ಕಾವ್ಯನಾಮದ ಎಡ್ವರ್ಡ್ ವಿಲಿಯಮ್ಸ್, ಗ್ಲಾಮರ್ಗನ್ನಿನ ಕಲ್ಲುಕುಟಿಗ. 1792ರಲ್ಲಿ ಲಂಡನ್ನಿನ ಪ್ರಿಮ್‌ರೋಸ್ ಗುಡ್ಡದ ಮೇಲೆ ಕವಿಗಳ ‘ಗೋರ್ಸೆಡ್’ ಸಭೆ ಸೇರಿಸಿ, ಇದು ಪ್ರಾಚೀನ ಡ್ರೂಯಿಡ್ ಪುರೋಹಿತರ ಕಾಲದಿಂದ ಬಂದದ್ದೆಂದು ಸಾರಿದ. ಹಳೆಯ ಕವಿಗಳ ಹೆಸರಿನಲ್ಲಿ ತಾನೇ ಪದ್ಯ ಕಟ್ಟಿ ಸೇರಿಸಿದ, ಗುಟ್ಟು ಪೂರ್ತಿ ಬಯಲಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಅವನು ನಾಡಿಗೆ ಹೆಮ್ಮೆ ಕೊಟ್ಟ, ಆ ಗೋರ್ಸೆಡ್ ಇವತ್ತಿಗೂ ನಡೆಯುತ್ತದೆ. ಆದರೆ ಹೆಮ್ಮೆ ಓದಬಲ್ಲವರ ನಡುವೆಯೇ ಹಬ್ಬಬೇಕು. ಕಾಲದ ಅನುಕ್ರಮವೇ ಇದನ್ನು ಹೇಳುತ್ತದೆ: ಯೋಲೊ ಗುಡ್ಡ ಹತ್ತುವ ಹೊತ್ತಿಗೆ ಶಾಲೆಗಳು ಶುರುವಾಗಿ ಅರವತ್ತು ವರ್ಷವಾಗಿತ್ತು.

ಜೋನ್ಸ್ ಸತ್ತ ಮೇಲೆ ಆ ಶಾಲೆಗಳನ್ನು ಹದಿನೆಂಟು ವರ್ಷ ನಡೆಸಿದ್ದು ಬ್ರಿಜೆಟ್ ಬೆವನ್ ಎಂಬ ಸಿರಿವಂತೆ. 1779ರಲ್ಲಿ ಸಾಯುವಾಗ ಶಾಲೆಗಳಿಗೆಂದು ಹತ್ತು ಸಾವಿರ ಪೌಂಡು ಬರೆದಿಟ್ಟಳು. ಸಂಬಂಧಿಕರು ತಕರಾರು ತೆಗೆದರು. ಹಣ ದಶಕಗಳ ಕಾಲ ಕೋರ್ಟಿನಲ್ಲಿ ಕೊಳೆಯಿತು, ಶಾಲೆಗಳು ಮುಚ್ಚಿದವು. ಬಾಲಾ ಊರಿನ ಥಾಮಸ್ ಚಾರ್ಲ್ಸ್ 1785ರಲ್ಲಿ ಅದೇ ಮಾದರಿಯನ್ನು ಉತ್ತರ ವೇಲ್ಸ್‌ನಲ್ಲಿ ಮತ್ತೆ ಹಿಡಿದ, ಮುಂದೆ ಅದು ಭಾನುವಾರದ ಶಾಲೆಯಾಗಿ ಹಬ್ಬಿತು.

ಶಾಲೆಗೆ ಇಷ್ಟು ಬಲವಿದ್ದರೆ ಆಮೇಲೆ ವೆಲ್ಷ್ ಯಾಕೆ ಸೊರಗಿತು? ಗಣಿ ಕಾರ್ಖಾನೆಗಳಿಗೆ ಬಂದ ವಲಸೆ ಒಂದು ಕಾರಣ. ಇನ್ನೊಂದು ಕಾರಣವೂ ಶಾಲೆಯೇ. 1870ರ ಶಿಕ್ಷಣ ಕಾಯಿದೆಯ ನಂತರ ಊರೂರಿಗೆ ಬಂದ ಶಾಲೆ ಇಂಗ್ಲಿಷಿನದು. 1891ರ ಜನಗಣತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ವೆಲ್ಷ್ ಬಲ್ಲವರಿದ್ದರು, 1911ರ ಹೊತ್ತಿಗೆ ಅರ್ಧಕ್ಕಿಂತ ಕಡಿಮೆ.