ಆಡದ ಪಂದ್ಯದ ಫಲಿತಾಂಶ

ಡಿಸೆಂಬರ್ ಬಂತೆಂದರೆ ನಮ್ಮ ವಿಭಾಗದ ಕಾಫಿ ಯಂತ್ರದ ಪಕ್ಕದ ಗೋಡೆಯ ಮೇಲೆ ಒಂದು ದೊಡ್ಡ ಹಾಳೆ ಬಂದು ಕೂರುತ್ತದೆ. ನಾನು ಪಿಎಚ್.ಡಿ. ಮಾಡುತ್ತಿರುವುದು ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ. ಇಲ್ಲಿ ಕಾಲೇಜು ಫುಟ್‌ಬಾಲ್ ಎಂದರೆ ವಿದ್ಯಾರ್ಥಿಗಳ ಬಿಡುವಿನ ಆಟವಲ್ಲ. ಲಕ್ಷ ಜನ ಕೂರುವ ಕ್ರೀಡಾಂಗಣಗಳು ಕೆಲವು ವಿಶ್ವವಿದ್ಯಾಲಯಗಳಿಗೇ ಇವೆ. ಗೋಡೆಯ ಹಾಳೆಯಲ್ಲಿ ಪ್ಲೇಆಫ್‌ಗೆ ಬಂದ ತಂಡಗಳ ಹೆಸರಿರುತ್ತದೆ. ಯಾರು ಯಾರನ್ನು ಸೋಲಿಸುತ್ತಾರೆ, ಕೊನೆಗೆ ಕಪ್ ಯಾರಿಗೆ ಎಂದು ನಾವೆಲ್ಲ ಊಹಿಸಿ ಬರೆಯಬೇಕು.

2024ರಲ್ಲಿ ಪ್ಲೇಆಫ್ 4 ತಂಡಗಳಿಂದ 12 ತಂಡಗಳಿಗೆ ಹಿಗ್ಗಿತು. ಮೊದಲ ನಾಲ್ಕು ಶ್ರೇಯಾಂಕದ ತಂಡಗಳಿಗೆ ಮೊದಲ ಸುತ್ತಿನಲ್ಲಿ ವಿಶ್ರಾಂತಿ. ನಾನು ಬುದ್ಧಿವಂತೆಯ ಹಾಗೆ ಲೆಕ್ಕ ಹಾಕಿ ಆ ನಾಲ್ಕನ್ನೇ ಸೆಮಿಫೈನಲ್‌ಗೆ ಬರೆದೆ: ಒರೆಗಾನ್, ಜಾರ್ಜಿಯಾ, ಬಾಯ್ಸಿ ಸ್ಟೇಟ್, ಅರಿಜೋನಾ ಸ್ಟೇಟ್. ನಾಲ್ಕೂ ತಮ್ಮ ಮೊದಲ ಪಂದ್ಯದಲ್ಲೇ ಸೋತವು. ಗೆದ್ದದ್ದು ಎಂಟನೇ ಶ್ರೇಯಾಂಕದ ಒಹಾಯೊ ಸ್ಟೇಟ್. ನವೆಂಬರ್ ಕೊನೆಯಲ್ಲಿ ಸ್ವಂತ ಅಂಗಳದಲ್ಲಿ ಮಿಶಿಗನ್ ಎದುರು 10–13ರಿಂದ ಸೋತು, ತನ್ನ ಅಭಿಮಾನಿಗಳಿಂದಲೇ ಬೈಸಿಕೊಂಡಿದ್ದ ತಂಡವದು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದಕ್ಕೆ ನನಗೆ ಸಿಕ್ಕಿದ್ದು ಸಹಪಾಠಿಗಳ ನಗು ಮಾತ್ರ. ನಾನೂ ನಕ್ಕೆ.

ಆದರೆ ಇದೇ ಆಟದಲ್ಲಿ ನಗಲಾಗದ ಒಂದು ಊಹೆಯೂ ನಡೆದಿದೆ. ಅದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಅದನ್ನು ಹೇಳುವ ಮೊದಲು ಇಲ್ಲಿನ ವ್ಯವಸ್ಥೆಯ ಬಗ್ಗೆ ಒಂದು ಮಾತು. ಮೇಲಿನ ದರ್ಜೆಯಲ್ಲಿ 130ಕ್ಕೂ ಹೆಚ್ಚು ತಂಡಗಳಿವೆ. ಒಂದು ತಂಡ ಋತುವಿನಲ್ಲಿ ಆಡುವುದು ಸುಮಾರು 12 ಪಂದ್ಯ. ಹಾಗಾಗಿ ಹೆಚ್ಚಿನ ತಂಡಗಳು ಪರಸ್ಪರ ಎದುರಾಗುವುದೇ ಇಲ್ಲ. ನಮ್ಮ ರಣಜಿಯಲ್ಲಾದರೆ ಅಂಕಪಟ್ಟಿ ನೋಡಿ ನಾಕೌಟ್‌ಗೆ ಯಾರೆಂದು ಹೇಳಬಹುದು. ಇಲ್ಲಿ ಅಂಥ ಒಂದೇ ಪಟ್ಟಿ ಸಾಧ್ಯವಿಲ್ಲ. 13 ಜನರ ಒಂದು ಆಯ್ಕೆ ಸಮಿತಿ ಕೂತು ತಂಡಗಳಿಗೆ ಕ್ರಮಾಂಕ ಕೊಡುತ್ತದೆ. 2014ರಿಂದ 2023ರವರೆಗೆ ಆ ಸಮಿತಿ ಆರಿಸುತ್ತಿದ್ದದ್ದು ನಾಲ್ಕೇ ತಂಡಗಳನ್ನು.

2023ರಲ್ಲಿ ಫ್ಲಾರಿಡಾ ಸ್ಟೇಟ್ ತಂಡ ಒಂದೂ ಪಂದ್ಯ ಸೋಲಲಿಲ್ಲ. ಆದರೆ ನವೆಂಬರ್ 18ರಂದು ಅದರ ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಟ್ರಾವಿಸ್ ಕಾಲಿಗೆ ಗಂಭೀರ ಪೆಟ್ಟು ಬಿತ್ತು. ಈ ಆಟದಲ್ಲಿ ಕ್ವಾರ್ಟರ್‌ಬ್ಯಾಕ್ ಎಂದರೆ ಚೆಂಡು ಯಾರ ಕೈಗೆ ಹೋಗಬೇಕೆಂದು ಕ್ಷಣಾರ್ಧದಲ್ಲಿ ತೀರ್ಮಾನಿಸುವವನು. ಅವನಿಲ್ಲದ ತಂಡ ಸಾರಥಿಯಿಲ್ಲದ ರಥ. ಆದರೂ ತಂಡ ಮುಂದಿನ ವಾರ ಫ್ಲಾರಿಡಾವನ್ನು 24–15ರಿಂದ ಸೋಲಿಸಿತು. ಬದಲಿ ಕ್ವಾರ್ಟರ್‌ಬ್ಯಾಕ್‌ಗೂ ಪೆಟ್ಟಾದಾಗ ಮೂರನೆಯವನನ್ನು ಇಳಿಸಿ ಲೂಯಿವಿಲ್ ವಿರುದ್ಧ 16–6ರಿಂದ ಗೆದ್ದು ತನ್ನ ಕಾನ್ಫರೆನ್ಸಿನ ಚಾಂಪಿಯನ್ ಆಯಿತು. 13 ಪಂದ್ಯ, 13 ಗೆಲುವು. ಮರುದಿನ ಸಮಿತಿ ಅದಕ್ಕೆ ಐದನೇ ಸ್ಥಾನ ಕೊಟ್ಟಿತು. ನಾಲ್ಕನೆಯದು ಒಂದು ಪಂದ್ಯ ಸೋತಿದ್ದ ಅಲಬಾಮಾಕ್ಕೆ ಹೋಯಿತು. ಸಮಿತಿ ಕೊಟ್ಟ ಕಾರಣ ಸರಳ: ಟ್ರಾವಿಸ್ ಇಲ್ಲದ ಫ್ಲಾರಿಡಾ ಸ್ಟೇಟ್ ಮೊದಲಿನ ತಂಡವಲ್ಲ. ತನ್ನ ಕಾಲು ಋತುವಿನ ಆರಂಭದಲ್ಲೇ ಮುರಿದಿದ್ದರೆ ಚೆನ್ನಾಗಿತ್ತು, ಆಗ ತಂಡ ತನ್ನೊಬ್ಬನದಲ್ಲವೆಂದು ಎಲ್ಲರಿಗೂ ಕಾಣುತ್ತಿತ್ತು ಎಂಬರ್ಥದಲ್ಲಿ ಟ್ರಾವಿಸ್ ಬರೆದುಕೊಂಡ. ತನ್ನ ಗಾಯಕ್ಕೆ ತಾನೇ ತಪ್ಪಿತಸ್ಥನೆಂಬಂತೆ ಒಬ್ಬ ಹುಡುಗ ಕ್ಷಮೆ ಕೇಳಬೇಕಾಯಿತು.

ಸಮಿತಿ ನಿಯಮ ಮುರಿಯಲಿಲ್ಲ. ಮುಖ್ಯ ಆಟಗಾರರ ಗೈರುಹಾಜರಿ ಮುಂದಿನ ಆಟದ ಮೇಲೆ ಬೀರಬಹುದಾದ ಪರಿಣಾಮವನ್ನೂ ಪರಿಗಣಿಸಬಹುದೆಂದು ಅದರ ನಿಯಮದಲ್ಲೇ ಇದೆ. ಅದರ ಪರವಾಗಿ ತತ್ವಶಾಸ್ತ್ರದ ಬೆಂಬಲವೂ ಸಿಗುತ್ತದೆ. ಒಳ್ಳೆಯ ಕೊಳಲುಗಳು ಯಾರಿಗೆ ಸಲ್ಲಬೇಕು ಎಂಬ ಪ್ರಶ್ನೆಗೆ ಅರಿಸ್ಟಾಟಲ್ ಕೊಡುವ ಉತ್ತರ, ಅವನ್ನು ಚೆನ್ನಾಗಿ ನುಡಿಸುವವರಿಗೆ. ಬೆರಳು ಮುರಿದವನ ಕೈಗೆ ಕೊಳಲು ಕೊಟ್ಟು ಏನು ಪ್ರಯೋಜನ ಎಂದು ಸಮಿತಿ ಕೇಳಬಹುದು.

ಆದರೆ ಫ್ಲಾರಿಡಾ ಸ್ಟೇಟ್ ಬೆರಳು ಮುರಿದ ಮೇಲೂ ಎರಡು ಸಲ ನುಡಿಸಿ ತೋರಿಸಿತ್ತು. ರಾಗ ಇಂಪಾಗಿರಲಿಲ್ಲ, ನಿಜ, ತಪ್ಪಂತೂ ಇರಲಿಲ್ಲ. ಹಳೆಯದೊಂದು ಉದಾಹರಣೆಯೂ ಇದೆ. 2014ರಲ್ಲಿ ಒಹಾಯೊ ಸ್ಟೇಟ್‌ನ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳು ಗಾಯಗೊಂಡಿದ್ದರು. ಮೂರನೆಯವನಾದ ಕಾರ್ಡೇಲ್ ಜೋನ್ಸ್ ಕಾನ್ಫರೆನ್ಸ್ ಫೈನಲ್‌ನಲ್ಲಿ ತಂಡವನ್ನು 59–0ರಿಂದ ಗೆಲ್ಲಿಸಿದ. ಸಮಿತಿ ನಾಲ್ಕನೇ ಸ್ಥಾನ ಕೊಟ್ಟು ಒಳಗೆ ಬಿಟ್ಟಿತು. ಆ ಹುಡುಗನ ಕೈಯಲ್ಲೇ ತಂಡ ಅಲಬಾಮಾವನ್ನೂ ಒರೆಗಾನನ್ನೂ ಸೋಲಿಸಿ ಚಾಂಪಿಯನ್ ಆಯಿತು. ಮೂರನೆಯವನಿಂದ ಆಗುವುದಿಲ್ಲ ಎಂದು ಯಾರೂ ಮೊದಲೇ ಹೇಳುವ ಹಾಗಿಲ್ಲ ಎಂಬುದಕ್ಕೆ ಪ್ಲೇಆಫ್‌ನ ಮೊದಲ ವರ್ಷವೇ ಸಾಕ್ಷಿ.

ಫ್ಲಾರಿಡಾ ಸ್ಟೇಟ್ ಮುಂದೇನಾಯಿತು? ಪ್ಲೇಆಫ್‌ಗೆ ಸೇರದ ಆರೆಂಜ್ ಬೌಲ್ ಪಂದ್ಯದಲ್ಲಿ ಅದು ಜಾರ್ಜಿಯಾ ಎದುರು 3–63ರಿಂದ ನೆಲಕಚ್ಚಿತು. ನೋಡಿದಿರಾ, ಸಮಿತಿ ಹೇಳಿದ್ದು ಸರಿಯೇ ಇತ್ತು ಎಂದರು ಹಲವರು. ನನಗೆ ಹಾಗೆ ಕಾಣುವುದಿಲ್ಲ. ಅಂದು ಕಣಕ್ಕಿಳಿದದ್ದು ಆ 13 ಪಂದ್ಯ ಗೆದ್ದ ತಂಡವೇ ಅಲ್ಲ. ವೃತ್ತಿಪರ ಆಟಕ್ಕೆ ಸಿದ್ಧತೆ, ಬೇರೆ ವಿಶ್ವವಿದ್ಯಾಲಯಕ್ಕೆ ವಲಸೆ, ಗಾಯ ಎಂದು 20ಕ್ಕೂ ಹೆಚ್ಚು ಆಟಗಾರರು ಹೊರಗಿದ್ದರು. ಕಪ್ಪಿನ ಆಸೆ ಉಳಿದಿದ್ದರೆ ಅವರಲ್ಲಿ ಎಷ್ಟು ಜನ ಉಳಿಯುತ್ತಿದ್ದರೋ. ಸಮಿತಿಯ ಊಹೆ ತಂಡವನ್ನು ಒಡೆಯಿತು, ಒಡೆದ ತಂಡ ಸೋತಿತು, ಆ ಸೋಲೇ ಊಹೆಗೆ ಪುರಾವೆಯಾಯಿತು.

ಈ ಸುತ್ತು ನನಗೆ ಪರಿಚಿತ. ಕೆಲವು ವರ್ಷಗಳ ಹಿಂದೆ ನಮ್ಮೂರ ಕಡೆಯ ಒಂದು ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಸಂದರ್ಶನಕ್ಕೆ ಕೂತಿದ್ದೆ. ಎಂ.ಎ. ಅಂಕಪಟ್ಟಿ ಮೇಜಿನ ಮೇಲಿತ್ತು. ಅದರ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಹಿರಿಯರೊಬ್ಬರು ಕನ್ನಡಕ ತೆಗೆದು, "ಮದುವೆ ಆದ್ಮೇಲೆ ಮುಂದುವರಿಸ್ತೀಯೇನಮ್ಮ? ನಿನ್ನ ಒಳ್ಳೇದಕ್ಕೇ ಕೇಳ್ತಿದ್ದೀನಿ" ಎಂದರು. ದನಿಯಲ್ಲಿ ಕೆಟ್ಟತನವಿರಲಿಲ್ಲ. ಅರ್ಧಕ್ಕೆ ಬಿಟ್ಟುಹೋದವರನ್ನು ಅವರು ಕಂಡಿದ್ದಿರಬಹುದು, ಅವರ ಲೆಕ್ಕ ಸರಿಯಿದ್ದಿರಲೂಬಹುದು. ಆದರೆ ನಾನು ಓದಿ ಗಳಿಸಿದ್ದು ಒಂದು ತಟ್ಟೆಯಲ್ಲಿ, ನಾನಿನ್ನೂ ಮಾಡದ, ಬೇರೆ ಯಾರೋ ಮಾಡಿದ ಕೆಲಸ ಇನ್ನೊಂದು ತಟ್ಟೆಯಲ್ಲಿ ಬಿದ್ದು ತಕ್ಕಡಿ ತೂಗುತ್ತಿತ್ತು. ನನಗೆ ಸೀಟು ಸಿಗಲಿಲ್ಲ. ಆ ಪ್ರಶ್ನೆಯಿಂದಲೇ ಸಿಗಲಿಲ್ಲವೆಂದು ನಾನು ಹೇಳಲಾರೆ. ಆದರೆ ಹಾಗೆ ಹೊರಗುಳಿದ ಹುಡುಗಿ ನಾಳೆ ಓದು ಬಿಟ್ಟರೆ, "ಹೇಳಿರಲಿಲ್ಲವೆ?" ಎನ್ನಲು ಊಹಿಸಿದವರು ಸಿದ್ಧರಿರುತ್ತಾರೆ ಎಂಬುದಂತೂ ಗೊತ್ತು.

ಹಾಗಾದರೆ ಆರಿಸುವವರು ಊಹಿಸಲೇಬಾರದೆ? ಬರೀ ಗೆಲುವು ಎಣಿಸಿದರೆ ಸಾಕೆ? ಅಷ್ಟು ಸುಲಭವಲ್ಲ. 2023ರ ಅಲಬಾಮಾ ಕೂಡ ಸುಮ್ಮನೆ ಒಳಬಂದದ್ದಲ್ಲ. ಸತತ 29 ಪಂದ್ಯ ಗೆದ್ದಿದ್ದ ಜಾರ್ಜಿಯಾವನ್ನು ಅದು ಸೋಲಿಸಿತ್ತು. ದುರ್ಬಲರ ಎದುರಿನ ಗೆಲುವನ್ನೂ ಬಲಿಷ್ಠರ ಎದುರಿನ ಗೆಲುವನ್ನೂ ಒಂದೇ ತೂಕದಲ್ಲಿ ಇಡಲಾಗದು. ಆದ್ದರಿಂದ ವಿವೇಚನೆ ಬೇಕೇ ಬೇಕು. ಆದರೆ ಮಾಡಿದ ಕೆಲಸದ ತೂಕ ನೋಡುವುದು ಒಂದು, ಮಾಡದ ಕೆಲಸವನ್ನು ಕಲ್ಪಿಸಿಕೊಂಡು ಮಾಡಿದ್ದನ್ನು ಅಳಿಸುವುದು ಇನ್ನೊಂದು. ಮೊದಲನೆಯದರಲ್ಲಿ ತಪ್ಪಾದರೆ ವಾದ ಮಾಡಬಹುದು, ದಾಖಲೆ ತೋರಿಸಬಹುದು. ಎರಡನೆಯದಕ್ಕೆ ಎದುರುತ್ತರ ಕೊಡಬಲ್ಲದ್ದು ಆ ಪಂದ್ಯ ಮಾತ್ರ. ಆ ಪಂದ್ಯವನ್ನೇ ಅದು ನಡೆಯಗೊಡುವುದಿಲ್ಲ.

12 ತಂಡಗಳ ಪ್ಲೇಆಫ್ ಈ ತೊಡಕನ್ನು ಪೂರ್ತಿ ಬಿಡಿಸಲಿಲ್ಲ. ಗೆರೆ ಎಲ್ಲಿ ಎಳೆದರೂ ಅದರಾಚೆ ಒಬ್ಬರು ನಿಂತಿರುತ್ತಾರೆ. 2025ರಲ್ಲಿ ಹಾಗೆ ನಿಂತದ್ದು ನೋಟ್ರ ಡೇಮ್. ಅದಕ್ಕೂ ಮಿಯಾಮಿಗೂ ತಲಾ ಎರಡು ಸೋಲು. ವಾರಗಟ್ಟಲೆ ಮಿಯಾಮಿಗಿಂತ ಮೇಲಿಟ್ಟಿದ್ದ ನೋಟ್ರ ಡೇಮನ್ನು ಸಮಿತಿ ಕೊನೆಯ ದಿನ ಕೆಳಗಿಳಿಸಿತು. ಋತುವಿನ ಆರಂಭದಲ್ಲಿ ಇಬ್ಬರೂ ಮುಖಾಮುಖಿಯಾದಾಗ ಮಿಯಾಮಿ 27–24ರಿಂದ ಗೆದ್ದಿತ್ತು. ನೋಟ್ರ ಡೇಮ್‌ನವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ಅವರಿಗೆ ತೋರಿಸಲು ಸಮಿತಿಯ ಕೈಯಲ್ಲಿ ಒಂದು ಆಡಿದ ಪಂದ್ಯವಿತ್ತು. ಟ್ರಾವಿಸ್‌ನ ಗೆಳೆಯರಿಗೆ ತೋರಿಸಲು ಒಂದು ಎಕ್ಸ್‌ರೇ ಮಾತ್ರ ಇತ್ತು. ಹತ್ತನೇ ಶ್ರೇಯಾಂಕದಲ್ಲಿ ಒಳಬಂದ ಮಿಯಾಮಿ ಫೈನಲ್‌ವರೆಗೂ ಹೋಯಿತು.

ಅಲ್ಲಿ ಅದನ್ನು ಸೋಲಿಸಿದ ಇಂಡಿಯಾನಾದ ಕಥೆಯನ್ನೂ ಹೇಳಬೇಕು. ಆ ತಂಡ 2023ರಲ್ಲಿ ಗೆದ್ದದ್ದು ಮೂರೇ ಪಂದ್ಯ. ಈ ಆಟದ ಇತಿಹಾಸದಲ್ಲೇ ಅತಿ ಹೆಚ್ಚು ಸೋಲು ಕಂಡವರ ಸಾಲಿನಲ್ಲಿ ಅದರ ಹೆಸರು. 2024ರಲ್ಲಿ ಅದು ಪ್ಲೇಆಫ್‌ಗೆ ಬಂದು ಮೊದಲ ಸುತ್ತಿನಲ್ಲೇ ಸೋತಾಗ, ಇಂಥವರನ್ನೆಲ್ಲ ಒಳಗೆ ಬಿಟ್ಟದ್ದೇ ತಪ್ಪು ಎಂಬ ಮಾತು ಬಂತು. 2025ರಲ್ಲಿ ಅದೇ ತಂಡ ಒಂದೂ ಪಂದ್ಯ ಸೋಲದೆ ಅಗ್ರ ಶ್ರೇಯಾಂಕದೊಂದಿಗೆ ಬಂತು.

ಆ ಡಿಸೆಂಬರಿನಲ್ಲೂ ಕಾಫಿ ಯಂತ್ರದ ಪಕ್ಕ ಹಾಳೆ ಇತ್ತು. ಇಷ್ಟೆಲ್ಲ ಯೋಚಿಸಿದ ನಾನು ಇಂಡಿಯಾನಾ ಎದುರು ಏನು ಬರೆದೆ ಗೊತ್ತೆ? ಕ್ವಾರ್ಟರ್‌ಫೈನಲ್‌ನಲ್ಲಿ ಅಲಬಾಮಾದಿಂದ ಸೋಲು. ದೊಡ್ಡ ಹೆಸರು, ಹಳೆಯ ಮನೆತನ, ಎಷ್ಟಾದರೂ ಅಲಬಾಮಾ ಎಂದುಕೊಂಡೆ. ಸಂದರ್ಶನದಲ್ಲಿ ಕನ್ನಡಕ ತೆಗೆದು ಕೇಳಿದ ಆ ಹಿರಿಯರ ತಲೆಯೊಳಗೆ ಓಡಿದ್ದೂ ಇಂಥದೇ ಲೆಕ್ಕವಿರಬೇಕು. ಇಂಡಿಯಾನಾ 38–3ರಿಂದ ಗೆದ್ದಿತು, ಮುಂದೆ ಕಪ್ಪನ್ನೂ ಗೆದ್ದಿತು. ಹಾಳೆಯಲ್ಲಿ ನನ್ನ ಹೆಸರಿನ ಮುಂದೆ ಯಾರೋ ಕೆಂಪು ಶಾಯಿಯಲ್ಲಿ ಗೀಟು ಹಾಕಿದ್ದರು. ನನ್ನ ಊಹೆಯಿಂದ ಇಂಡಿಯಾನಾಕ್ಕೆ ಏನೂ ನಷ್ಟವಾಗಲಿಲ್ಲ. ಅವರಿಗೆ ಆಡಲು ಒಂದು ಪಂದ್ಯವಿತ್ತು.