ಕಲ್ಲಿಗೆ ಕೊಟ್ಟ ಗೌರವ

ಅರಸೀಕೆರೆಯ ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿಗಾಗಿ ಕಾಯುವುದೂ ಒಂದು ವಿದ್ಯಾಭ್ಯಾಸವೇ. ಜಂಕ್ಷನ್ ಆದ್ದರಿಂದ ನಾನಾ ದಿಕ್ಕಿನ ಜನ ಅಲ್ಲಿ ಗಳಿಗೆಯ ಮಟ್ಟಿಗಾದರೂ ಒಂದೇ ಬೆಂಚಿನ ಮೇಲೆ ಕುಳಿತಿರುತ್ತಾರೆ. ಕೆಲವು ವರ್ಷಗಳ ಹಿಂದೆ ಒಂದು ಸಂಜೆ, ಬೇಲೂರು ಹಳೇಬೀಡುಗಳನ್ನು ನೋಡಿಕೊಂಡು ಬಂದು ನಾನೂ ಹಾಗೆ ಕುಳಿತಿದ್ದೆ. ಹಕ್ಕಿಪಿಕ್ಕಿಯರ ಒಬ್ಬ ಹೆಂಗಸು ಪ್ಲಾಸ್ಟಿಕ್ ಹೂವಿನ ದೊಡ್ಡ ಗಂಟೊಂದನ್ನು ಹೊತ್ತು ಬಂದು, ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತಳು. ನನ್ನ ಕೈ ನನ್ನನ್ನು ಕೇಳದೆಯೇ ಪಕ್ಕದ ಚೀಲವನ್ನು ತೊಡೆಯ ಮೇಲಕ್ಕೆಳೆದುಕೊಂಡಿತು. ಆಕೆ ಅದನ್ನು ನೋಡಿದಳು. ಕೋಪಿಸಿಕೊಳ್ಳಲಿಲ್ಲ.

“ಇಟ್ಕಳಿ ಅಣ್ಣಾ, ಹತ್ರಾನೇ ಇಟ್ಕಳಿ. ನಾನೂ ನನ್ ಗಂಟ್ನ ಹತ್ರಾನೇ ಇಟ್ಕಂಡಿವ್ನಿ. ಠೇಸನ್ನಾಗೆ ಯಾರ್ನ ನಂಬೋದು?” ಎಂದು ನಕ್ಕಳು.

ನಾನೂ ನಕ್ಕೆ, ಆದರೆ ನನ್ನ ನಗುವಿನಲ್ಲಿ ಜೀವವಿರಲಿಲ್ಲ. ಆಕೆಗೆ ಸಂದೇಹವಿದ್ದದ್ದು ಸ್ಟೇಷನ್ನಿನ ಮೇಲೆ, ಅದು ವಿವೇಕ. ನನಗೆ ಸಂದೇಹವಿದ್ದದ್ದು ಆಕೆಯ ಕುಲದ ಮೇಲೆ. ಅದಕ್ಕೆ ಏನು ಹೆಸರು?

ಇಷ್ಟು ಬರೆದು ಹಿಂದಿರುಗಿ ಓದಿದರೆ ಇನ್ನೊಂದು ತಪ್ಪು ಕಣ್ಣಿಗೆ ಬೀಳುತ್ತದೆ. ‘ಕುಳಿತಳು’, ‘ನಕ್ಕಳು’ ಎಂದು ಬರೆದಿದ್ದೇನೆ. ನಮ್ಮ ಬೀದಿಯ ಮೇಷ್ಟರ ಹೆಂಡತಿಯಾಗಿದ್ದರೆ ‘ಕುಳಿತರು’, ‘ನಕ್ಕರು’ ಎಂದು ಲೇಖನಿ ತಾನೇ ಬರೆಯುತ್ತಿತ್ತು. ಗೌರವಕ್ಕೆಂದು ನಮ್ಮ ಭಾಷೆ ಒಂದು ಪ್ರತ್ಯಯವನ್ನೇ ಇಟ್ಟುಕೊಂಡಿದೆ. ಅದನ್ನು ಯಾರಿಗೆ ಕೊಡುತ್ತೇವೆ, ಯಾರಿಗೆ ಕೊಡುವುದಿಲ್ಲ ಎಂಬ ಲೆಕ್ಕ ಮಾತ್ರ ವ್ಯಾಕರಣದ ಪುಸ್ತಕದಲ್ಲಿಲ್ಲ.

ಬೇಲೂರು ತಾಲೂಕಿನ ಅಂಗಡಿಹಳ್ಳಿಯಲ್ಲಿ ಹಕ್ಕಿಪಿಕ್ಕಿಯರ ದೊಡ್ಡ ವಸತಿಯಿದೆ. ಹಕ್ಕಿ ಹಿಡಿದು ಬದುಕುತ್ತಿದ್ದುದರಿಂದ ಅವರಿಗೆ ಈ ಹೆಸರು. ಮನೆಯೊಳಗೆ ಅವರಾಡುವ ಮಾತು ವಾಗ್ರಿ, ಗುಜರಾತಿಗೆ ಹತ್ತಿರದ ನುಡಿ. ನಮ್ಮೊಡನೆ ಕನ್ನಡ, ವ್ಯಾಪಾರಕ್ಕೆ ಹೋದಲ್ಲಿ ಆಯಾ ಊರಿನ ಭಾಷೆ. ಗುಜರಾತಿಯ, ಮೇವಾರ, ಪನ್ವಾರ, ಕಾಳಿವಾಲ ಎಂದು ಅವರಲ್ಲಿ ಕುಲಗಳಿವೆ. ರಾಣಾ ಪ್ರತಾಪನ ಕಡೆಯವರು ತಾವು ಎಂಬ ಹೇಳಿಕೆಯೂ ಉಂಟು. ಹೀಗಿದ್ದೂ ನಾವು ಅವರ ಮಾತನ್ನು ‘ಏನೋ ಒಂದು ಭಾಷೆ’ ಎನ್ನುತ್ತೇವೆ. ನಾಲ್ಕು ಭಾಷೆ ಬಲ್ಲ ನಮ್ಮವನು ಪಂಡಿತ. ನಾಲ್ಕು ಭಾಷೆ ಬಲ್ಲ ಹಕ್ಕಿಪಿಕ್ಕಿ ‘ಬಲು ಚಾಲಾಕು’!

ಸಂದೇಹ ನಮ್ಮೊಬ್ಬರ ಸೊತ್ತಲ್ಲ. ಅದಕ್ಕೆ ಕಾಯಿದೆಯ ಬೆಂಬಲವೂ ಇತ್ತು. 1871ರಲ್ಲಿ ಬ್ರಿಟಿಷ್ ಸರ್ಕಾರ ತಂದ ಶಾಸನವೊಂದು ಇಡೀ ಜಾತಿಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ಎಣಿಸಲು ದಾರಿ ಮಾಡಿತು. ನೆಲೆಯಿಲ್ಲದೆ ತಿರುಗುವುದೇ ಅನುಮಾನಕ್ಕೆ ಆಧಾರವಾಯಿತು. ಸ್ವತಂತ್ರ ಭಾರತ 1952ರಲ್ಲಿ ಅದನ್ನು ಕಿತ್ತುಹಾಕಿತು. ಶಾಸನವನ್ನು ರದ್ದುಮಾಡಲು ಒಂದು ದಿನ ಸಾಕು. ಬೆಂಚಿನ ಮೇಲಿನ ಕೈಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ತಿರಸ್ಕಾರವನ್ನು ಬಿಟ್ಟವರು ಸಾಮಾನ್ಯವಾಗಿ ಹೋಗಿ ಸೇರುವುದು ಕನಿಕರಕ್ಕೆ. ‘ಪಾಪ, ಇವರನ್ನು ಮುಂದಕ್ಕೆ ತರಬೇಕು’ ಎನ್ನುತ್ತೇವೆ. ಮುಂದೆ ಎಂದರೆ ನಾವು ನಿಂತಿರುವ ಜಾಗ! ಅವರಲ್ಲಿ ಮದುವೆಗೆ ಗಂಡಿನ ಕಡೆಯವರು ಹೆಣ್ಣಿನ ತಂದೆಗೆ ತೆರ ಕೊಡುವ ಪದ್ಧತಿಯಿದೆ. ನಮ್ಮಲ್ಲಿ 1961ರಿಂದ ವರದಕ್ಷಿಣೆಯನ್ನು ನಿಷೇಧಿಸುವ ಕಾಯಿದೆಯಿದೆ. ಹೆಣ್ಣು ಹೆತ್ತವರ ಸಾಲಪತ್ರಗಳೂ ಇವೆ. ತೆರವೂ ದೋಷವಿಲ್ಲದ ಪದ್ಧತಿಯೇನಲ್ಲ. ಆದರೆ ಪಾಠ ಹೇಳಲು ಎದ್ದು ನಿಲ್ಲುವ ಮೊದಲು ನಮ್ಮ ಪಟ್ಟಿಯನ್ನೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

‘ಹಾಗಾದರೆ ಅವರ ಎಲ್ಲ ಆಚಾರಗಳನ್ನೂ ಸರಿಯೆನ್ನಬೇಕೆ? ಬೇಟೆಯನ್ನೂ ಒಪ್ಪಬೇಕೆ?’ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. 1972ರ ವನ್ಯಜೀವಿ ಕಾಯಿದೆ ಬೇಟೆಯನ್ನು ನಿಲ್ಲಿಸಿತು. ಕಾಡು ಉಳಿಯಬೇಕಾದರೆ ಅದು ಅಗತ್ಯವೇ ಆಗಿತ್ತು. ಆದರೆ ಕಾಡು ಕರಗಿದ್ದು ಹಕ್ಕಿ ಹಿಡಿಯುವವನ ಬಲೆಯಿಂದಲ್ಲ. ತೋಟಕ್ಕೆ, ಅಣೆಕಟ್ಟಿಗೆ, ನಮ್ಮ ಮನೆಯ ಬಾಗಿಲುವಾಡಕ್ಕೆ. ಬೆಲೆ ತೆತ್ತವರು ಅವರು. ಕಸುಬು ಹೋದ ಜನ ಗಿಡಮೂಲಿಕೆ, ಎಣ್ಣೆ, ಮಣಿ, ಹೂವು ಹಿಡಿದು ಊರೂರು ನಡೆದರು. ಆಮೇಲೆ ಸಮುದ್ರವನ್ನೂ ದಾಟಿದರು. ಗೌರವವೆಂದರೆ ಭಿನ್ನಾಭಿಪ್ರಾಯವಿಲ್ಲದಿರುವುದಲ್ಲ. ನಮ್ಮ ಅಜ್ಜಿಯ ಮಡಿಯನ್ನು ನಾವು ಒಪ್ಪುವುದಿಲ್ಲ, ಆಕೆಯೊಡನೆ ಜಗಳವಾಡುತ್ತೇವೆ, ಆದರೂ ಆಕೆ ಮನೆಯ ಹಿರಿಯಳೇ. ಒಪ್ಪದಿದ್ದಾಗಲೂ ಎದುರಿನವರ ಮಾತಿಗೆ ಕಿವಿಗೊಡುವುದು, ಅವರ ಬದುಕಿನ ತೀರ್ಮಾನದಲ್ಲಿ ಅವರಿಗೇ ಮೊದಲ ಮಾತು ಬಿಡುವುದು, ಇಷ್ಟನ್ನೇ ನಾನು ಗೌರವವೆನ್ನುತ್ತೇನೆ.

2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಕದನ ಹೊತ್ತಿಕೊಂಡಾಗ, ಮೂಲಿಕೆ ಔಷಧ ಮಾರಲು ಹೋಗಿದ್ದ ನಮ್ಮ ನಾಡಿನ ನೂರಕ್ಕೂ ಹೆಚ್ಚು ಹಕ್ಕಿಪಿಕ್ಕಿಯರು ಅಲ್ಲಿ ಸಿಕ್ಕಿಬಿದ್ದರು. ‘ಆಪರೇಷನ್ ಕಾವೇರಿ’ ಎಂಬ ಕಾರ್ಯಾಚರಣೆಯಲ್ಲಿ ಭಾರತೀಯರನ್ನು ಕರೆತರಲಾಯಿತು. ಪತ್ರಿಕೆ ಓದುತ್ತ ನಾನು ಮೊದಲು ಕೇಳಿದ ಪ್ರಶ್ನೆ: ‘ಇವರು ಅಲ್ಲಿಗೇಕೆ ಹೋಗಿದ್ದರು?’ ಸ್ನೇಹಿತರ ಮಗ ಅಮೆರಿಕದಲ್ಲಿದ್ದಾನೆ. ಅವನು ಅಲ್ಲಿಗೇಕೆ ಹೋದ ಎಂದು ನಾನು ಎಂದೂ ಕೇಳಿದವನಲ್ಲ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನಾವೆಲ್ಲ ಹಿಗ್ಗಿದೆವು, ಹಿಗ್ಗಬೇಕಾದದ್ದೇ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ಗುಡಿಯ ಮದನಿಕೆಯರಲ್ಲಿ, ಬಿಲ್ಲು ಹಿಡಿದು ಬೇಟೆಗೆ ನಿಂತ ಹೆಣ್ಣೊಬ್ಬಳಿದ್ದಾಳೆ. ಆಕೆಯ ನಿಲುವನ್ನು ತಲೆಯೆತ್ತಿ ನೋಡುತ್ತೇವೆ. ಶಿಲ್ಪಿಯ ಕೈಗೆ ನಮಸ್ಕರಿಸುತ್ತೇವೆ. ಬೇಟೆಯ ಕುಲದಲ್ಲಿ ಹುಟ್ಟಿದ ಜೀವಂತ ಹೆಂಗಸು ಪಕ್ಕದಲ್ಲಿ ಬಂದು ಕುಳಿತರೆ ಚೀಲವನ್ನೆಳೆದುಕೊಳ್ಳುತ್ತೇವೆ. 1954ರಲ್ಲಿ ತೆರೆಗೆ ಬಂದ ‘ಬೇಡರ ಕಣ್ಣಪ್ಪ’ನನ್ನು ನೋಡಿ ಅತ್ತ ಮನೆತನಗಳು ನಮ್ಮವು. ಕಲ್ಲಿನ ಬೇಟೆಗಾತಿ, ಕಥೆಯ ಬೇಡ ಇಬ್ಬರೂ ನಮಗೆ ಪೂಜ್ಯರು. ಕಾರಣ, ಅವರು ನಮ್ಮಿಂದ ಏನನ್ನೂ ಕೇಳುವುದಿಲ್ಲ.

ಈಚೆಗೆ ಮತ್ತೊಂದು ಬಗೆಯ ಆದರವೂ ಬಂದಿದೆ. ಹುಣಸೂರು ತಾಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿಯರು ಮಾರುವ ‘ಆದಿವಾಸಿ’ ಕೇಶತೈಲಕ್ಕೆ ದೇಶದೆಲ್ಲೆಡೆ ಗಿರಾಕಿಗಳು. ಸಂತೋಷ, ದುಡಿದವರ ಕೈಗೆ ಕಾಸು ಸೇರಲಿ. ಆದರೆ ಎಣ್ಣೆಯ ಬೆಲೆ ಕೊಟ್ಟೊಡನೆ ಮನುಷ್ಯರ ಬೆಲೆ ಕೊಟ್ಟಂತಾಗುವುದಿಲ್ಲ. ‘ಆದಿವಾಸಿ’ ಎಂಬ ಮಾತನ್ನೂ ಯೋಚಿಸಿ ಆಡಬೇಕು. ಈ ನೆಲಕ್ಕೆ ಯಾರು ಮೊದಲು ಬಂದರು ಎಂಬ ವಿಚಾರ ಇತಿಹಾಸಕಾರರದು. ಮೊದಲು ಬಂದವರಿಗೆ ಮಾತ್ರ, ಇಲ್ಲವೆ ನಮಗೆ ಉಪಯೋಗಕ್ಕೆ ಬಂದವರಿಗೆ ಮಾತ್ರ ಮರ್ಯಾದೆ ಎಂದಾದರೆ, ಅದು ಮರ್ಯಾದೆಯಲ್ಲ, ವ್ಯಾಪಾರ.

ಅಂದು ಅರಸೀಕೆರೆಯಲ್ಲಿ ಮೊದಲು ಬಂದದ್ದು ಆಕೆಯ ಗಾಡಿ. “ಬರ್ತೀನಣ್ಣಾ” ಎಂದರು. ನನ್ನ ಚೀಲ ಇನ್ನೂ ತೊಡೆಯ ಮೇಲೆಯೇ ಇತ್ತು. ಅದನ್ನು ಕೆಳಗಿಡಲು ಸಂಕೋಚವಾಗಿ ಕುಳಿತೇ ಇದ್ದೆ. ಊರು ಯಾವುದೆಂದಾಗಲಿ ಹೆಸರೇನೆಂದಾಗಲಿ ಕೇಳಿರಲಿಲ್ಲ. ಆಕೆ ಗಂಟನ್ನು ತಲೆಯ ಮೇಲಿಟ್ಟುಕೊಂಡು, ಜನದ ನಡುವೆ ದಾರಿ ಮಾಡಿಕೊಂಡು ನಡೆದರು.