ಗೋರಿಗಿಟ್ಟ ಎಡೆ

ಕ್ರೈಸ್ತಧರ್ಮದ ಮೇಲಿನ ಪೇಗನ್ ಪ್ರಭಾವದ ಮಾತು ಬಂದಾಗಲೆಲ್ಲ ಚರ್ಚೆ ಡಿಸೆಂಬರ್ 25ಕ್ಕೇ ಗಂಟು ಬೀಳುತ್ತದೆ. ಚಕ್ರವರ್ತಿ ಔರೇಲಿಯನ್ 274ರಲ್ಲಿ ರೋಮಿನಲ್ಲಿ ಅಜೇಯ ಸೂರ್ಯನಿಗೆ ಗುಡಿ ಕಟ್ಟಿಸಿದ, ಆ ಸೂರ್ಯನ ಹುಟ್ಟುಹಬ್ಬವನ್ನೇ ಚರ್ಚು ಕ್ರಿಸ್ತನ ಹೆಸರಿಗೆ ಬರೆದುಕೊಂಡಿತು ಎಂಬುದು ವಾದ. ಕೇಳಲು ಚೆನ್ನ, ಸಾಕ್ಷ್ಯ ತೆಳು. ಎರಡು ಹಬ್ಬಗಳೂ ಆ ದಿನದ ಹೆಸರಿನಲ್ಲಿ ಕಾಣಸಿಗುವುದು 354ರ ಒಂದೇ ರೋಮನ್ ಪಂಚಾಂಗ ಸಂಕಲನದಲ್ಲಿ. ಯಾವುದನ್ನು ನೋಡಿ ಯಾವುದು ಬಂತೆಂದು ಅದು ಹೇಳುವುದಿಲ್ಲ. ಯೇಸು ಶಿಲುಬೆಗೇರಿದ್ದೂ ತಾಯ ಗರ್ಭ ಸೇರಿದ್ದೂ ಮಾರ್ಚ್ 25ರಂದೇ ಎಂದು ನಂಬಿ ಒಂಬತ್ತು ತಿಂಗಳು ಕೂಡಿದವರಿಗೂ ಸಿಕ್ಕಿದ್ದು ಅದೇ ತಾರೀಖು. ನನ್ನ ಮಟ್ಟಿಗೆ ಪ್ರಭಾವದ ಗಟ್ಟಿ ಕುರುಹು ಇರುವುದು ಪಂಚಾಂಗದಲ್ಲಲ್ಲ, ಗೋರಿಗಳ ಬಳಿ.

ರೋಮನ್ ಮನೆತನಗಳು ಫೆಬ್ರವರಿಯ ಪರೆಂತಾಲಿಯಾ ದಿನಗಳಲ್ಲಿ ಊರಾಚೆಯ ಸಮಾಧಿಗಳಿಗೆ ಹೋಗಿ ತೀರಿಕೊಂಡ ಹಿರಿಯರಿಗೆ ಎಡೆಯಿಡುತ್ತಿದ್ದವು. ದ್ರಾಕ್ಷಾರಸ ಒಳಗಿಳಿಯಲೆಂದು ಕೆಲವು ಗೋರಿಗಳಿಗೆ ಕೊಳವೆಯನ್ನೇ ಕೂರಿಸುತ್ತಿದ್ದರು. ಕ್ರೈಸ್ತರು ಇದೇ ರೂಢಿಯನ್ನು ತಮ್ಮ ಹುತಾತ್ಮರ ಸಮಾಧಿಗಳಲ್ಲಿ ನಡೆಸಿದರು. ಧರ್ಮಚಿಂತಕ ಆಗಸ್ಟೀನನ ತಾಯಿ ಮೋನಿಕಾ ಆಫ್ರಿಕಾದಲ್ಲಿದ್ದಂತೆಯೇ ಮಿಲಾನಿನಲ್ಲೂ ಅಂಬಲಿ, ರೊಟ್ಟಿ, ದ್ರಾಕ್ಷಾರಸ ಹೊತ್ತು ಹೋದಾಗ ಬಾಗಿಲು ಕಾಯುವವನು ತಡೆದ. ಬಿಷಪ್ ಆಂಬ್ರೋಸ್ ಅದನ್ನು ನಿಷೇಧಿಸಿದ್ದ: ಕುಡುಕರಿಗೆ ನೆಪವಾಗುತ್ತದೆ, ಪರೆಂತಾಲಿಯಾದಂತೆಯೇ ಕಾಣುತ್ತದೆ ಎಂದು. ಮೋನಿಕಾ ಮತಾಂತರಗೊಂಡವಳಲ್ಲ, ಕ್ರೈಸ್ತರ ಮನೆಯಲ್ಲೇ ಬೆಳೆದವಳು. ಅವಳ ಪಾಲಿಗೆ ಆ ಬುಟ್ಟಿ ಅನ್ಯರದ್ದಲ್ಲ, ತನ್ನ ಭಕ್ತಿಯದೇ ಭಾಗ. ಪ್ರಭಾವ ಎಂಬ ಮಾತು ಹೊರಗಿನಿಂದ ಒಳಗೆ ನುಸುಳಿದ ಏನನ್ನೋ ಸೂಚಿಸುತ್ತದೆ. ಇಲ್ಲಿ ಹೊರಗು ಯಾವುದು, ಒಳಗು ಯಾವುದು? ದೇವರು ಬದಲಾದರೂ ಸತ್ತವರನ್ನು ನಡೆಸಿಕೊಳ್ಳುವ ಬಗೆ ಮನೆತನಗಳಲ್ಲಿ ಹಾಗೆಯೇ ಉಳಿದಿತ್ತು.

ಆಗಸ್ಟೀನ್ ಇದನ್ನು ಒಪ್ಪುತ್ತಿರಲಿಲ್ಲ. ಹಿಂಸೆಯ ಕಾಲ ಮುಗಿದು ಚರ್ಚಿಗೆ ಜನ ನುಗ್ಗಿದಾಗ ಹಳೆಯ ಹಬ್ಬದೂಟ ಬಿಡಲಾರದವರಿಗಾಗಿ ಹಿರಿಯರು ಸಡಿಲ ಬಿಟ್ಟರು ಎಂಬುದು 395ರ ಪತ್ರವೊಂದರಲ್ಲಿ ಅವನು ಕೊಡುವ ಸಮಜಾಯಿಷಿ. ಆದರೆ ರೋಮಿನ ಅಪ್ಪಿಯನ್ ದಾರಿಯಲ್ಲಿ, ಸಂತ ಸೆಬಾಸ್ಟಿಯನ್ ಚರ್ಚಿನ ಕೆಳಗಿನ ಗೋಡೆಯ ಗಾರೆಯ ಮೇಲೆ, ಪೀಟರ್ ಮತ್ತು ಪೌಲರ ನೆನಪಿಗೆ ಊಟ ಮಾಡಿದೆವೆಂದು ಭಕ್ತರು ಗೀಚಿದ ಬರಹಗಳಿವೆ. ಅವುಗಳ ಕಾಲ 3ನೇ ಶತಮಾನದ ಉತ್ತರಾರ್ಧದಿಂದಲೇ ಆರಂಭ. ಕ್ರೈಸ್ತರಿಗೆ ಚಕ್ರವರ್ತಿ ಕಾನ್‌ಸ್ಟಂಟೀನನ ಆಶ್ರಯ ಇನ್ನೂ ದೂರವಿತ್ತು. ತಪ್ಪನ್ನು ಹೊಸಬರ ತಲೆಗೆ ಕಟ್ಟಲಾಗದು. ಇನ್ನು, ರೂಪ ಹಳೆಯದಾದರೇನು, ಅರ್ಥ ಹೊಸದಲ್ಲವೇ ಎಂಬ ಆಕ್ಷೇಪ. ಇದು ಗಟ್ಟಿ. ಹುತಾತ್ಮ ಒಂದು ಮನೆಯ ಹಿರಿಯನಲ್ಲ, ಇಡೀ ಸಭೆಯ ಹಿರಿಯ. ಅವನ ಹೆಸರಿನ ಊಟದಲ್ಲಿ ಬಡವರಿಗೂ ಪಾಲಿತ್ತು. ಹುತಾತ್ಮರ ಗೌರವಕ್ಕೆ ಹಗಲಲ್ಲೇ ದೀಪ ಹಚ್ಚುವುದು ಪೇಗನ್ ಆಚಾರವೆಂದು ವಿಜಿಲಾಂಟಿಯಸ್ ಎಂಬ ಪಾದ್ರಿ ಜರಿದಾಗ ಕ್ರೈಸ್ತ ವಿದ್ವಾಂಸ ಜೆರೋಮ್ 406ರಲ್ಲಿ ಕೊಟ್ಟ ಉತ್ತರವೂ ಇದೇ ಧಾಟಿಯದು: ವಿಗ್ರಹಕ್ಕೆ ಮಾಡಿದರೆ ಹೇಯ, ಹುತಾತ್ಮರಿಗೆ ಮಾಡಿದರೆ ಸರಿ. (ಸಿಟ್ಟಿನಲ್ಲಿ ಬರೆದಾಗ ಜೆರೋಮ್ ಕೆಲವೊಮ್ಮೆ ಬೇಕಾದ್ದಕ್ಕಿಂತ ಹೆಚ್ಚು ಒಪ್ಪಿಕೊಂಡುಬಿಡುತ್ತಾನೆ.) ಕ್ರಿಯೆ ಒಂದೇ ಎಂಬುದನ್ನು ಆ ಉತ್ತರವೇ ಬಿಟ್ಟುಕೊಡುತ್ತದೆ. ಹೊಸ ಅರ್ಥವೊಂದೇ ಸಾಲುವಂತಿದ್ದರೆ ಆಂಬ್ರೋಸ್ ಬಾಗಿಲಲ್ಲಿ ಕಾವಲುಗಾರನನ್ನು ನೆಚ್ಚಬೇಕಿರಲಿಲ್ಲ. ಮೋನಿಕಾ ಮರುಮಾತಿಲ್ಲದೆ ಬುಟ್ಟಿ ಬಿಟ್ಟಳು. ಎಲ್ಲರೂ ಬಿಡಲಿಲ್ಲ: 567ರಲ್ಲಿ ಗಾಲ್ ನಾಡಿನ ತೂರ್ ನಗರದಲ್ಲಿ ಸಭೆ ಸೇರಿದ ಬಿಷಪ್ಪರು, ಸಂತ ಪೀಟರನ ಹಬ್ಬದಂದೇ ಸತ್ತವರಿಗೆ ಎಡೆಯಿಡುತ್ತಿದ್ದ ತಮ್ಮ ಜನರನ್ನು ಗದರಿಸುತ್ತಲೇ ಇದ್ದರು.